ಉಸಿರಾಡುವ ಅಂಗಿ

ಬಟ್ಟೆಯನ್ನು ಅದರ ಹುಟ್ಟಿನಿಂದ ಗುರುತಿಸುವುದು ನಮ್ಮ ಪೂರ್ವಿಕರ ಪದ್ಧತಿ. ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ವಸ್ತ್ರಗಳನ್ನು ನಾಲ್ಕು ಬಗೆಯಾಗಿ ಎಣಿಸಿರುವನು: ತೊಗಟೆಯ ನಾರಿನಿಂದ ಆದುದು, ಕಾಯಿಯಿಂದ ಆದುದು, ಹುಳುವಿನ ಗೂಡಿನಿಂದ ಆದುದು, ಮೃಗದ ರೋಮದಿಂದ ಆದುದು. ಕ್ಷೌಮ, ಕಾರ್ಪಾಸ, ಕೌಶೇಯ, ರಾಂಕವ ಎಂಬ ಈ ನಾಲ್ಕು ಹೆಸರುಗಳೊಳಗೆ ಬಹುಕಾಲ ಈ ದೇಶದ ಉಡುಗೆಯೆಲ್ಲವೂ ಅಡಗಿದ್ದಿತು. ಪಾಠಶಾಲೆಯಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿದ ನನಗೆ, ಕಳೆದ ಕಾರ್ತಿಕದಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ಕೈಗೆ ಬಂದ ಅಂಗಿಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ತೋಚದೆ ಹೋಯಿತು. ಅದರ ಎಳೆ ಗಿಡದ್ದಲ್ಲ, ಹುಳುವಿನದಲ್ಲ, ಕುರಿಯದೂ ಅಲ್ಲ. ಭೂಗರ್ಭದ ಕಲ್ಲೆಣ್ಣೆಯಿಂದ ತೆಗೆದ ಪಾಲಿಯೆಸ್ಟರು. ಅದಕ್ಕೆ ಸಾಫ್ಟ್‌ಶೆಲ್ ಜಾಕೆಟ್ಟೆಂದು ಹೆಸರು. ಹೊರಗಡೆ ಒತ್ತಾಗಿ ನೇದ ನುಣುಪು ಮೈ. ಒಳಗಡೆ ಎಳೆಗರುವಿನ ಮೈಯಂಥ ಮೃದುವಾದ ರೋಮ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಬೈಸಿಕಲ್ಲು ತುಳಿಯುವವರೂ ಬೆಟ್ಟ ಹತ್ತುವವರೂ ಅದನ್ನು ಬಹಳವಾಗಿ ಮೆಚ್ಚುವರಂತೆ. ಅಂಗಡಿಯ ಹುಡುಗನು ಅದರ ಗುಣವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟನು: “ಇದು ಉಸಿರಾಡುತ್ತೆ, ಸಾರ್.”

ಬಟ್ಟೆ ಉಸಿರಾಡುವುದೆಂದರೇನು? ಆ ಮಾತಿನ ಅರ್ಥವನ್ನು ಚೆನ್ನಾಗಿ ತಿಳಿದುಕೊಳ್ಳಬೇಕಾದ ಸಂದರ್ಭ ನನಗೆ ಒದಗಿದ್ದಿತು. ಅದನ್ನು ಮೊದಲು ವಾಚಕರಿಗೆ ಅರಿಕೆಮಾಡುವೆನು.

ನನ್ನ ಮಗಳ ಮಗನು ಮೈಸೂರಿನಲ್ಲಿ ಓದುತ್ತಿರುವನು. ಅವನಿಗೆ ಬೈಸಿಕಲ್ಲೆಂದರೆ ಪ್ರಾಣ. ಬೆಳಗಿನ ಜಾವದಲ್ಲೆದ್ದು ಚಾಮುಂಡಿ ಬೆಟ್ಟದ ರಸ್ತೆಯನ್ನು ತುಳಿದು ಹತ್ತಿ, ಸೂರ್ಯೋದಯವನ್ನು ಕಂಡು, ಇಳಿದು ಬಂದು ಕಾಲೇಜಿಗೆ ಹೋಗುವ ತರುಣರು ಆ ಊರಿನಲ್ಲಿ ಅನೇಕರಿದ್ದಾರೆ. ಅವರಲ್ಲಿ ಇವನೂ ಒಬ್ಬನು. ಹಿಂದಿನ ವರ್ಷದ ಪುಷ್ಯಮಾಸದಲ್ಲಿ ಇವನ ಗೆಳೆಯರು ನಾಲ್ವರು ಚಿಕ್ಕಮಗಳೂರಿಗೆ ಹೋಗಿ, ಅಲ್ಲಿಂದ ಮುಳ್ಳಯ್ಯನಗಿರಿಯ ಕಡೆಗೆ ಸೈಕಲ್ಲಿನಲ್ಲಿ ಹೊರಟರು. ಕರ್ನಾಟಕದ ಶಿಖರಗಳಲ್ಲಿ ಅತ್ಯುನ್ನತವಾದುದು ಅದು. ಎತ್ತರ ಸುಮಾರು 1,930 ಮೀಟರು. ಊರಿನಿಂದ ಸುಮಾರು 20 ಕಿಲೋಮೀಟರು ದಾರಿ, ಬಹುಭಾಗ ಏರು. ನಾಲ್ವರಲ್ಲಿ ಒಬ್ಬನು ಚಳಿಗೆಂದು ಪ್ಲಾಸ್ಟಿಕ್ಕಿನ ಲೇಪವುಳ್ಳ ಗಾಳಿಯಂಗಿಯೊಂದನ್ನು ಕತ್ತಿನವರೆಗೂ ಬಿಗಿದುಕೊಂಡಿದ್ದನು. ಮಳೆಯ ಒಂದು ಹನಿಯೂ ಬೀಳಲಿಲ್ಲ. ಆದರೂ ಸೀತಾಳಯ್ಯನಗಿರಿಯ ಹತ್ತಿರ ಬಂದು ನಿಂತಾಗ ಆ ಹುಡುಗನ ಒಳಂಗಿ ಹಿಂಡುವಂತೆ ಒದ್ದೆಯಾಗಿದ್ದಿತು. ಅಲ್ಲಿನ ಗಾಳಿ ಸಾಮಾನ್ಯವಾದುದಲ್ಲ. ಕಾಲು ಗಂಟೆಯೊಳಗೆ ಅವನಿಗೆ ನಡುಕ ಹತ್ತಿತು. ಬೆರಳುಗಳು ಗುಂಡಿ ಹಾಕಲೂ ಬಾರದಷ್ಟು ಮರಗಟ್ಟಿದುವು. ಬಳಿಕ ಮಾತು ತೊದಲಿತು. ತೋಟದ ಕೆಲಸಕ್ಕೆ ಹೊರಟಿದ್ದ ಮುದುಕನೊಬ್ಬನು ಇದನ್ನು ಕಂಡು, ಆ ಅಂಗಿಯನ್ನೂ ಒದ್ದೆ ಬನಿಯನ್ನನ್ನೂ ಬಿಚ್ಚಿಸಿ, ತಾನು ಹೊದ್ದಿದ್ದ ಕಂಬಳಿಯನ್ನು ಅವನಿಗೆ ಸುತ್ತಿ, ಬಿಸಿ ಕಾಫಿ ಕುಡಿಸಿದನಂತೆ. ಹುಡುಗ ಚೇತರಿಸಿಕೊಂಡನು. ದೇಹದ ಶಾಖ 35 ಡಿಗ್ರಿಗಿಂತ ಕೆಳಕ್ಕೆ ಇಳಿಯತೊಡಗಿದಾಗ ಕಾಣುವ ಚಿಹ್ನೆಗಳಿವು; ಇದನ್ನು ಲಘುವಾಗಿ ಎಣಿಸಬಾರದೆಂದು ವೈದ್ಯರು ಹೇಳುತ್ತಾರೆ.

ಈ ಸುದ್ದಿ ಕಿವಿಗೆ ಬಿದ್ದಂದಿನಿಂದ ನನ್ನ ಮಗಳು ಬೆಟ್ಟವೆಂಬ ಶಬ್ದವನ್ನೇ ಮನೆಯಲ್ಲಿ ನಿಷೇಧಿಸಿದಳು. ಈ ವರ್ಷ ಮೊಮ್ಮಗನೇ ಮುಳ್ಳಯ್ಯನಗಿರಿಗೆ ಹೊರಡುವೆನೆಂದಾಗ ತಾಯಿ ಮಕ್ಕಳಿಗೆ ಮಾತು ನಿಂತಿತು. ದೀಪಾವಳಿಗೆ ಇಬ್ಬರೂ ಸೋಮನಾಥಪುರಕ್ಕೆ ಬಂದರು. ವ್ಯಾಜ್ಯವೂ ಅವರೊಡನೆ ಬಂದಿತು.

“ಅಪ್ಪ, ಅವನ ಮಾತಿಗೆ ನೀವು ತಲೆಯಾಡಿಸಬೇಡಿ” ಎಂದಳು ಮಗಳು.

“ತಾತ, ಅದು ಅಂಗಿಯಿಂದ ಆದ ಕೆಲಸ, ಬೆಟ್ಟದಿಂದಲ್ಲ. ಅಮ್ಮನಿಗೆ ನೀವೇ ಹೇಳಬೇಕು” ಎಂದನು ಹುಡುಗ.

ನಾನು ಮಗಳನ್ನು ಕೇಳಿದೆನು: “ಅಂಗಿ ಸರಿಯಾದುದಾದರೆ ಕಳುಹಿಸುವೆಯೇನಮ್ಮ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿಯಾಗಿದೆ ಎಂದು ನೀವು ಹೇಳಬೇಕು, ಅಂಗಡಿಯವನು ಹೇಳಿದರೆ ಆಗದು” ಎಂದಳು.

ಹೀಗೆ, ಹುಡುಗನ ಯಾತ್ರೆಯೂ ಅವನ ತಾಯಿಯ ನಿದ್ದೆಯೂ ನನ್ನ ಒಂದು ಮಾತಿನ ಮೇಲೆ ನಿಂತವು. ವ್ಯಾಕರಣದ ಸೂತ್ರಕ್ಕೆ ಅರ್ಥ ಹೇಳಿ ತಪ್ಪಿದರೆ ಹುಡುಗರಿಗೆ ಎರಡು ಅಂಕ ಹೋದೀತು, ಇಲ್ಲಿ ತಪ್ಪುವಂತಿರಲಿಲ್ಲ. ಆದುದರಿಂದ ವಿಷಯವನ್ನು ಬುಡದಿಂದ ವಿಚಾರಿಸತೊಡಗಿದೆನು.

ಸೈಕಲ್ಲು ತುಳಿಯುವವನ ದೇಹದಲ್ಲಿ ಹುಟ್ಟುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಕ್ರವನ್ನು ತಿರುಗಿಸುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಪ್ರಕೃತಿಯು ಕಲ್ಪಿಸಿರುವ ಮುಖ್ಯ ಉಪಾಯ ಬೆವರು. ಬೆವರು ಹರಿಯುವುದರಿಂದ ಮೈ ತಣ್ಣಗಾಗುವುದಿಲ್ಲ. ಅದು ಆವಿಯಾಗಿ ಹೋಗುವುದರಿಂದ ತಣ್ಣಗಾಗುತ್ತದೆ. ಒಂದು ಗ್ರಾಂ ಬೆವರು ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಆವಿಗೆ ದಾರಿಯಿಲ್ಲದಂತೆ ಮೈಯನ್ನು ಮುಚ್ಚಿದರೆ ಎರಡು ಅನರ್ಥಗಳುಂಟು. ಹತ್ತುವಾಗ ಶಾಖ ಹೊರಗೆ ಹೋಗದೆ ಬೆವರು ಇನ್ನೂ ಹೆಚ್ಚುತ್ತದೆ. ನಿಂತಾಗ ಅಥವಾ ಇಳಿಯುವಾಗ, ಶಾಖದ ಹುಟ್ಟು ನಿಂತು, ಒಳಗೆ ಉಳಿದ ನೀರು ಮೈಯ ಬಿಸಿಯನ್ನು ಹೀರತೊಡಗುತ್ತದೆ. ಗೆಳೆಯನನ್ನು ನಡುಗಿಸಿದುದು ಮುಳ್ಳಯ್ಯನಗಿರಿಯ ಚಳಿಯೊಂದೇ ಅಲ್ಲ, ಅವನದೇ ಬೆವರು.

ಬೈಸಿಕಲ್ಲಿನವನ ಕಷ್ಟ ನಡೆಯುವವನದಕ್ಕಿಂತ ಹೆಚ್ಚಿನದು. ಬೆಟ್ಟವನ್ನು ಹತ್ತುವಾಗ ಅವನ ವೇಗ ಗಂಟೆಗೆ ಎಂಟೋ ಹತ್ತೋ ಕಿಲೋಮೀಟರು. ಬೀಸಣಿಗೆಯಷ್ಟು ಗಾಳಿಯೂ ಇಲ್ಲ, ಮೈಯಲ್ಲಿ ಒಲೆ ಉರಿಯುತ್ತಿರುತ್ತದೆ. ಇಳಿಯುವಾಗ ವೇಗ ಗಂಟೆಗೆ 40 ಕಿಲೋಮೀಟರನ್ನು ಮುಟ್ಟುತ್ತದೆ. ಎಲೆ ಅಲುಗದ ದಿನದಲ್ಲಿಯೂ ಅವನ ಪಾಲಿಗೆ ಬಿರುಗಾಳಿ, ಕಾಲಿಗೆ ಕೆಲಸವಿಲ್ಲದುದರಿಂದ ಒಲೆ ಆರಿರುತ್ತದೆ. ಅದರ ಮೇಲೆ, ಒಂದು ಸಾವಿರ ಮೀಟರು ಏರಿದರೆ ಗಾಳಿಯ ಶಾಖ ಸುಮಾರು ಆರೂವರೆ ಡಿಗ್ರಿ ಕಡಮೆಯಾಗುತ್ತದೆ. ಮೈಸೂರಿನ 770 ಮೀಟರಿನಲ್ಲಿ ಹಿತವಾಗಿದ್ದ ಬೆಳಗು ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಏಳು ಡಿಗ್ರಿಗಿಂತ ಹೆಚ್ಚಾಗಿ ತಣ್ಣಗಿರುತ್ತದೆ. ಒಂದೇ ಗಂಟೆಯೊಳಗೆ ಗ್ರೀಷ್ಮ ಶಿಶಿರಗಳೆರಡನ್ನೂ ತಾಳತಕ್ಕ ಅಂಗಿ ಬೇಕು. ಕೇಳುವುದು ಸುಲಭ, ನೇಯುವುದು ಸುಲಭವಲ್ಲ.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಬಹುವರ್ಷ ಬೈಸಿಕಲ್ಲಿನಲ್ಲಿಯೇ ಶಾಲೆಗೆ ಹೋಗಿ ಬರುತ್ತಿದ್ದೆನು. ಮಳೆಗಾಲದಲ್ಲಿ ರಬ್ಬರು ಹಾಕಿದ ಕೋಟು. ನಾಲೆಯ ಏರಿಯ ಮೇಲೆ ಐದಾರು ಮೈಲಿ ತುಳಿದು ಶಾಲೆಯ ಜಗಲಿಯಲ್ಲಿ ಕೋಟು ಬಿಚ್ಚಿದರೆ, ಹೊರಗಿನ ಮಳೆಯಲ್ಲಿ ನೆನೆದವನಿಗೂ ನನಗೂ ಭೇದವಿರಲಿಲ್ಲ. “ಮೇಷ್ಟ್ರೆ, ಕೋಟು ತೂತಾಗಿದೆಯೇ?” ಎಂದು ಜವಾನನು ಕೇಳುತ್ತಿದ್ದನು. ತೂತಿಲ್ಲದುದೇ ಅದರ ದೋಷ.

ಈ ದೋಷದ ಇತಿಹಾಸ ದೊಡ್ಡದು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷನು ಎರಡು ಬಟ್ಟೆಗಳ ನಡುವೆ ರಬ್ಬರನ್ನು ಹರಡಿ, ನೀರು ಒಳಹೊಗದ ಬಟ್ಟೆಯನ್ನು ಮಾಡಿದನು. ನೀರು ಒಳಗೆ ಬರಲಿಲ್ಲ. ಬೆವರು ಹೊರಗೆ ಹೋಗಲೂ ಇಲ್ಲ. 1879ರಲ್ಲಿ ಇಂಗ್ಲೆಂಡಿನ ಥಾಮಸ್ ಬರ್ಬೆರಿಯು ಬೇರೊಂದು ದಾರಿಯನ್ನು ಹಿಡಿದು, ನೇಯುವುದಕ್ಕೆ ಮುಂಚೆಯೇ ನೂಲಿಗೆ ನೀರು ಹಿಡಿಯದಂತೆ ಸಂಸ್ಕಾರ ಕೊಟ್ಟು, ಆಮೇಲೆ ಬಹಳ ಒತ್ತಾಗಿ ನೇಯಿಸಿದನು. ಗ್ಯಾಬರ್ಡೀನ್ ಎಂಬ ಆ ಬಟ್ಟೆಯಲ್ಲಿ ರಂಧ್ರಗಳುಂಟು, ಆದರೆ ಗಾಳಿಯ ಹೊಡೆತ ನುಗ್ಗುವಷ್ಟು ದೊಡ್ಡವಲ್ಲ. 1924ರಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ದೊರೆತಾಗ, ರೇಷ್ಮೆ, ಹತ್ತಿ, ಉಣ್ಣೆಗಳ ಹಲವು ತೆಳುವಾದ ಪದರಗಳ ಮೇಲೆ ಗ್ಯಾಬರ್ಡೀನಿನ ಮೇಲಂಗಿ ಇದ್ದುದು ಕಂಡುಬಂದಿತು. 2006ರಲ್ಲಿ ಆ ಉಡುಪಿನ ಪ್ರತಿರೂಪವನ್ನು ಮಾಡಿಸಿ ಎವರೆಸ್ಟಿನ ಹಿಮದಲ್ಲಿಯೇ ತೊಟ್ಟು ನೋಡಿದವರು, ಅದು ಹಗುರವಾಗಿಯೂ ಹಿತವಾಗಿಯೂ ಇದೆಯೆಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ತಣ್ಣೀರಿನ ಸಮುದ್ರಕ್ಕೆ ಬೀಳುವ ವಿಮಾನಚಾಲಕರಿಗೆಂದು ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯವರು ವೆಂಟೈಲ್ ಎಂಬ ಹತ್ತಿಯ ಬಟ್ಟೆಯನ್ನು ರೂಪಿಸಿದರು. ಒಣಗಿದಾಗ ಅದು ಆವಿಯನ್ನು ಬಿಡುತ್ತದೆ, ನೆನೆದಾಗ ನೂಲು ಉಬ್ಬಿ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬುವನು ಟೆಫ್ಲಾನಿನ ಜಾತಿಯ ವಸ್ತುವನ್ನು ಬಿಸಿಮಾಡಿ ಥಟ್ಟನೆ ಎಳೆದು, ಕಣ್ಣಿಗೆ ಕಾಣದ ಸೂಕ್ಷ್ಮರಂಧ್ರಗಳುಳ್ಳ ತೆಳುಪೊರೆಯನ್ನು ಪಡೆಯುವ ಬಗೆಯನ್ನು ಕಂಡುಕೊಂಡನು. ನೀರಿನ ಹನಿಗೆ ಆ ರಂಧ್ರ ಸಾಲದು, ಆವಿಯ ಕಣಕ್ಕೆ ಧಾರಾಳವಾಗಿ ಸಾಕು.

ಆದರೆ ಇದೆಲ್ಲ ಪರದೇಶದ ವಿದ್ಯೆಯೆಂದು ತಿಳಿಯಬೇಕಾದುದಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಕೋಶಕ್ಕೆ ಸೇರತಕ್ಕ ವಸ್ತುಗಳ ಪರೀಕ್ಷೆಯನ್ನು ಹೇಳುವಲ್ಲಿ, ನೇಪಾಳದ ಕಪ್ಪು ಕಂಬಳಿಯೊಂದನ್ನು ಹೆಸರಿಸಿ, ಎಂಟು ತುಂಡುಗಳನ್ನು ಕೂಡಿಸಿ ಮಾಡಿದ ಅದು ಮಳೆಯನ್ನು ತಡೆಯತಕ್ಕದ್ದೆಂದು ಹೇಳಿರುವನು. ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ನಮ್ಮ ಆರ್. ಶಾಮಶಾಸ್ತ್ರಿಗಳು. ಪಾಠಶಾಲೆಯ ಹುಡುಗರು ಒಬ್ಬರನ್ನೊಬ್ಬರು ಕೇಳುವ ಒಂದು ಸಂಸ್ಕೃತ ಒಗಟೂ ಉಂಟು. ಎಂಥ ಬಲಶಾಲಿಯನ್ನು ಚಳಿ ಬಾಧಿಸದು ಎಂಬುದು ಪ್ರಶ್ನೆ. ಅದೇ ಅಕ್ಷರಗಳನ್ನು ಬೇರೆ ರೀತಿಯಲ್ಲಿ ಬಿಡಿಸಿ ಓದಿದರೆ, ಕಂಬಳಿಯುಳ್ಳವನನ್ನು ಎಂಬುದು ಉತ್ತರ. ಸೀತಾಳಯ್ಯನಗಿರಿಯ ಮುದುಕನಿಗೆ ಆ ಒಗಟು ತಿಳಿದಿರಲಾರದು. ಉತ್ತರ ಅವನ ಹೆಗಲ ಮೇಲೆಯೇ ಇದ್ದಿತು.

ಉಣ್ಣೆಯ ಗುಣ ನಿಜವಾಗಿಯೂ ವಿಚಿತ್ರವಾದುದು. ಅದರ ಎಳೆಯ ಹೊರಮೈ ನೀರಿನ ಹನಿಯನ್ನು ಒಲ್ಲೆನ್ನುತ್ತದೆ. ಒಳಮೈ ಆವಿಯನ್ನು ಬರಮಾಡಿಕೊಳ್ಳುತ್ತದೆ. ತನ್ನ ತೂಕದ ನೂರಕ್ಕೆ 30ರಷ್ಟು ತೇವವನ್ನು ಹೀರಿದರೂ ಮೈಗೆ ಒದ್ದೆಯೆನ್ನಿಸುವುದಿಲ್ಲ. ಹೀರುವಾಗ ಅಷ್ಟಿಷ್ಟು ಶಾಖವನ್ನೂ ಬಿಡುತ್ತದೆ. ಹತ್ತಿ ಹಾಗಲ್ಲ, ಅದು ನೀರನ್ನು ಕುಡಿದು ಹಿಡಿದಿಟ್ಟುಕೊಂಡು, ಒಣಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಪಾಲಿಯೆಸ್ಟರು ನೂರಕ್ಕೆ ಒಂದರಷ್ಟನ್ನೂ ಹೀರದೆ, ಬಂದ ತೇವವನ್ನು ಹಾಗೆಯೇ ಹೊರಕ್ಕೆ ದಾಟಿಸುತ್ತದೆ. ನಮ್ಮ ಕಂಬಳಿ ಡೆಕ್ಕನಿ ಜಾತಿಯ ಕುರಿಯ ಒರಟು ಕಪ್ಪು ಉಣ್ಣೆಯದು. ಚಳ್ಳಕೆರೆಯ ಕಡೆ, ಹಾವೇರಿ ಬಳ್ಳಾರಿಗಳ ಕಡೆ ಕುರುಬರ ಮನೆಗಳಲ್ಲಿ ಕೈಯಿಂದ ನೂತು, ಹುಣಿಸೆಬೀಜದ ಗಂಜಿಯನ್ನು ಹಾಸಿಗೆ ಸವರಿ, ಗುಂಡಿಮಗ್ಗದಲ್ಲಿ ನೇಯುತ್ತಾರೆ. ನಮ್ಮ ನೆರೆಯ ಬನ್ನೂರಿನ ಕುರಿ ದೇಶಪ್ರಸಿದ್ಧವಾದರೂ ಅದರ ಕೀರ್ತಿ ಮಾಂಸಕ್ಕೆ ಸಂಬಂಧಪಟ್ಟದ್ದು. ಅದರ ಮೈಮೇಲಿರುವುದು ಕೂದಲು, ಉಣ್ಣೆಯಲ್ಲ. ಆದುದರಿಂದ ನಮ್ಮ ಸೀಮೆಯ ಸಂತೆಗೂ ಕಂಬಳಿ ಬಡಗಣಿಂದಲೇ ಬರಬೇಕು. ಮಲೆನಾಡಿನವರು ಅದರ ಒಂದು ಮೂಲೆಯನ್ನು ಮಡಿಸಿ ತಲೆಗೆ ಕೊಪ್ಪೆಮಾಡಿ ಬೆನ್ನಮೇಲೆ ಇಳಿಬಿಟ್ಟು, ಮುಂಗಡೆಯನ್ನು ತೆರೆದೇ ಇಟ್ಟು, ಗದ್ದೆಯಲ್ಲಿ ದಿನವೆಲ್ಲ ಬಗ್ಗಿ ಕೆಲಸಮಾಡುತ್ತಿದ್ದರು. ಬೆನ್ನಿಗೆ ಮಳೆಯಿಲ್ಲ, ಎದೆಗೆ ಬೇಗೆಯಿಲ್ಲ.

ಹಾಗಾದರೆ ಮೊಮ್ಮಗನಿಗೆ ಕಂಬಳಿಯನ್ನೇ ಹೊದಿಸಿ ಕಳುಹಿಸಬಹುದಾಗಿತ್ತಲ್ಲವೆ ಎಂದು ಕೆಲವರು ಕೇಳಬಹುದು. ಅಭಿಮಾನ ಬೇರೆ, ಅನುಕೂಲ ಬೇರೆ. ಒಣಗಿದ ಕಂಬಳಿಯೇ ಭಾರ. ನೆನೆದುದನ್ನು ಹೊತ್ತು ಏರನ್ನು ತುಳಿಯುವುದು ಆಗದ ಮಾತು. ಅಂಚು ಚಕ್ರಕ್ಕೆ ಸಿಕ್ಕಿದರೆ ಗತಿಯೇನು? ಕಂಬಳಿಯು ಕೂತವನಿಗೆ, ನಿಂತವನಿಗೆ, ಬಗ್ಗಿ ನಾಟಿಮಾಡುವವನಿಗೆ ಹೇಳಿಸಿದ ವಸ್ತ್ರ. ಓಡುವವನಿಗೆ ಅದರ ಗುಣ ಬೇಕು, ತೂಕ ಬೇಡ. ಈ ಅಳತೆಗೋಲನ್ನು ಹಿಡಿದುಕೊಂಡೇ ನಾನು ಹುಡುಗನೊಡನೆ ಅಂಗಡಿಗೆ ಹೋದುದು.

ಅಲ್ಲಿ ಮೂರು ಬಗೆಯ ಅಂಗಿಗಳನ್ನು ಮುಂದಿಟ್ಟರು. ಮೊದಲನೆಯದು ಮಳೆಯನ್ನು ಪೂರ್ತಿಯಾಗಿ ತಡೆಯುವ ಗಟ್ಟಿಚಿಪ್ಪಿನ ಜಾತಿ. ಎರಡನೆಯದು ನಡುವೆ ಪೊರೆಯುಳ್ಳ ಸಾಫ್ಟ್‌ಶೆಲ್ಲು. ಬೆಲೆ ಒಂಬತ್ತು ಸಾವಿರ ರೂಪಾಯಿಯ ಮೇಲೆ. ಮೂರನೆಯದು ಪೊರೆಯಿಲ್ಲದ, ಬರಿಯ ಒತ್ತು ನೆಯ್ಗೆಯ ಸಾಫ್ಟ್‌ಶೆಲ್ಲು. ಬೆಲೆ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಮೆ. ಬೆಲೆ ಹೆಚ್ಚಾದುದರಿಂದ ಎರಡನೆಯದೇ ಉತ್ತಮವೆಂದು ಅಂಗಡಿಯವರ ಮತ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ 10,000, 10,000 ಎಂದು ಎರಡು ಸಂಖ್ಯೆಗಳಿದ್ದವು. ಮೊದಲನೆಯದು ನೀರಿನ ಒತ್ತಡದ ಲೆಕ್ಕ: ಬಟ್ಟೆಯ ಮೇಲೆ 10,000 ಮಿಲಿಮೀಟರು ಎತ್ತರದ ನೀರಿನ ಕಂಬ ನಿಂತರೂ ಸೋರದೆಂದು ಅರ್ಥ. ಎರಡನೆಯದು ಉಸಿರಿನ ಲೆಕ್ಕ: ಒಂದು ಚದರ ಮೀಟರು ಬಟ್ಟೆ 24 ಗಂಟೆಗಳಲ್ಲಿ 10,000 ಗ್ರಾಂ ಆವಿಯನ್ನು ಹೊರಕ್ಕೆ ಬಿಡುವುದು.

ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಗುಣಿಸಿ ಭಾಗಿಸಿ ನೋಡಿದರೆ ಕಥೆ ಬೇರೆ. ಜಾಕೆಟ್ಟು ಮುಚ್ಚುವುದು ಎದೆ, ಬೆನ್ನು, ಎರಡು ತೋಳು. ಮೈಯ ಅರ್ಧಕ್ಕೆ ತುಸು ಹೆಚ್ಚು, ಸುಮಾರು 0.9 ಚದರ ಮೀಟರು. ಹಾಗಾದರೆ ದಿನಕ್ಕೆ 9,000 ಗ್ರಾಂ. 24ರಿಂದ ಭಾಗಿಸಿದರೆ ಗಂಟೆಗೆ 375 ಗ್ರಾಂ. ಬಲವಾಗಿ ತುಳಿದು ಏರು ಹತ್ತುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರಬಲ್ಲನು. ಅದರ ಅರ್ಧ ಈ ಜಾಕೆಟ್ಟಿನೊಳಗೆ ಎಂದು ಹಿಡಿದರೂ 500 ಗ್ರಾಂ ಆಯಿತು. ಪ್ರಯೋಗಶಾಲೆಯ ಅನುಕೂಲಗಳೆಲ್ಲ ಇರುವಾಗಲೇ ಗಂಟೆಗೆ 125 ಗ್ರಾಂ ಒಳಗೆ ಉಳಿಯಿತು. ಅದರ ಮೇಲೆ ಈ ಪರೀಕ್ಷೆಗಳೂ ಒಂದೇ ಕ್ರಮದಲ್ಲಿ ನಡೆಯುವುದಿಲ್ಲ. ಒಂದು ಕ್ರಮದ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯೊಡನೆ ಹೋಲಿಸುವುದು ಸೇರನ್ನು ಮೊಳದೊಡನೆ ಹೋಲಿಸಿದಂತೆ. ಚೀಟಿಯು ಸುಳ್ಳು ಹೇಳುವುದಿಲ್ಲ. ಆದರೆ ಬೆಟ್ಟದ ಮಾತನ್ನು ಆಡುವುದೂ ಇಲ್ಲ.

ಆಮೇಲೆ ಮೊಮ್ಮಗನು ಒಂದು ಸುಲಭವಾದ ಪರೀಕ್ಷೆಯನ್ನು ತೋರಿಸಿದನು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಬಲವಾಗಿ ಊದುವುದು. ಗಾಳಿ ಸಲೀಸಾಗಿ ಆಚೆಗೆ ಹೋದರೆ ಇಳಿಜಾರಿನಲ್ಲಿ ಆ ಅಂಗಿ ಕೆಲಸಕ್ಕೆ ಬಾರದು. ಒಂದಿಷ್ಟೂ ಹೋಗದಿದ್ದರೆ ಏರಿನಲ್ಲಿ ಒಳಗೆ ಕೆರೆ ಕಟ್ಟುವುದು. ಕಷ್ಟಪಟ್ಟು ಊದಿದರೆ ಅಂಗೈಗೆ ತೆಳುವಾದ ಬಿಸಿ ತಗಲುವಂತಿರಬೇಕು. ಪೊರೆಯುಳ್ಳ ಅಂಗಿ ಗೋಡೆಯಂತಿದ್ದಿತು. ಪೊರೆಯಿಲ್ಲದ್ದು ಈ ಮಧ್ಯಮಮಾರ್ಗದಲ್ಲಿ ನಿಂತಿತು. ಅಂಗಡಿಯಲ್ಲಿ ವೃದ್ಧನೊಬ್ಬನು ಜಾಕೆಟ್ಟುಗಳನ್ನು ಶಂಖದಂತೆ ಊದುತ್ತಿದ್ದುದನ್ನು ಕಂಡು ನಾಲ್ಕು ಜನ ನಕ್ಕರು, ನಗಲಿ.

ಆ ಹೊತ್ತಿನಲ್ಲಿ ನನಗೆ ನಮ್ಮೂರಿನ ಕೇಶವ ದೇವಾಲಯದ ಜಾಲಂಧ್ರಗಳು ನೆನಪಿಗೆ ಬಂದುವು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 1258ರಲ್ಲಿ ಪ್ರತಿಷ್ಠೆಮಾಡಿಸಿದ ಈ ಗುಡಿಯನ್ನು ನೋಡಲು, 2023ರಲ್ಲಿ ಅದು ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಇನ್ನೂ ಹೆಚ್ಚು ಜನ ಬರುತ್ತಾರೆ. ಎಲ್ಲರೂ ಶಿಲ್ಪಗಳನ್ನು ನೋಡುತ್ತಾರೆ. ಮಂಟಪದ ಕಂಬಗಳ ನಡುವೆ ಕೂರಿಸಿರುವ ತೂತುಗಲ್ಲಿನ ಪರದೆಗಳ ಮುಂದೆ ನಿಲ್ಲುವವರು ಕಡಮೆ. ವೈಶಾಖದ ಮಧ್ಯಾಹ್ನದಲ್ಲಿ ಒಳಗೆ ಕುಳಿತವರಿಗೆ ಅವುಗಳ ಬೆಲೆ ತಿಳಿಯುತ್ತದೆ. ಹೊರಗಣ ಬಿಸಿಲಿನ ಝಳವನ್ನೂ ಗಾಳಿಯ ರಭಸವನ್ನೂ ಮುರಿದು, ಒಳಗಣ ಬೇಗೆ ಹೊರಕ್ಕೆ ಹೋಗಲು ದಾರಿಯನ್ನು ಬಿಟ್ಟು ನಿಂತಿವೆ. ಗೋಡೆಯನ್ನೇ ಕಟ್ಟಬಹುದಾಗಿತ್ತು, ಕಲ್ಲಿಗೆ ಬರವಿರಲಿಲ್ಲ. ಮಂಟಪದಲ್ಲಿ ಜನ ಕೂರಬೇಕೆಂಬುದನ್ನು ಶಿಲ್ಪಿಯು ಬಲ್ಲವನಾಗಿದ್ದನು.

ಉಳಿದ ಪರೀಕ್ಷೆ ಹೊಲಿಗೆಯದು. ಅಂಗಿಯನ್ನು ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಪ್ರಯೋಜನವಿಲ್ಲವೆಂದು ಹುಡುಗನಿಗೆ ಹೇಳಿ, ಸೈಕಲ್ಲಿನ ಮೇಲೆ ಕುಳಿತಂತೆ ಬಗ್ಗಿ ಕೈಗಳನ್ನು ಮುಂದಕ್ಕೆ ಚಾಚಿಸಿದೆನು. ಬೆನ್ನಿನ ಅಂಚು ಮೇಲಕ್ಕೆ ಸರಿದು ಸೊಂಟ ಬಯಲಾಗಬಾರದು, ಮಣಿಕಟ್ಟು ಕಾಣಬಾರದು, ಹೊಟ್ಟೆಯ ಮೇಲೆ ಬಟ್ಟೆ ಮುದುಡಬಾರದು. ಬೆನ್ನು ಉದ್ದ, ಮುಂಭಾಗ ಗಿಡ್ಡ, ತೋಳು ಉದ್ದ: ಸವಾರನ ಅಂಗಿಗೆ ಲಕ್ಷಣವಿದು. ಕತ್ತಿನಿಂದ ಕೆಳಗಿನವರೆಗೆ ತೆರೆಯುವ ಜಿಪ್ಪು ಬೇಕು, ಕಂಕುಳಿನಲ್ಲಿ ಬೇರೆ ಜಿಪ್ಪಿದ್ದರೆ ಇನ್ನೂ ಮೇಲು. ಏಕೆಂದರೆ ಲೆಕ್ಕದಲ್ಲಿ ಉಳಿದ ಆ 125 ಗ್ರಾಮಿಗೆ ಅದೊಂದೇ ದಾರಿ. ಬೆನ್ನಮೇಲೆ ದೀಪ ಬಿದ್ದರೆ ಹೊಳೆಯುವ ಪಟ್ಟಿ ಇರಬೇಕು. ಮುಂಜಾವಿನ ಮಂಜಿನಲ್ಲಿ ಲಾರಿಯವನಿಗೆ ಕಾಣುವುದು ಅದೇ. ಹೊರಮೈಗೆ ನೀರಿನ ಹನಿ ಬಿಟ್ಟರೆ ತಾವರೆಯೆಲೆಯ ಮೇಲಿನಂತೆ ಉರುಳಿತು. ಈ ಗುಣ ಲೇಪದಿಂದ ಬಂದುದಾದುದರಿಂದ ಒಗೆತಕ್ಕೆ ಸವೆಯುತ್ತದೆ. ಬಟ್ಟೆಯನ್ನು ಮೆತ್ತಗೆ ಮಾಡುವ ದ್ರವಗಳನ್ನು ಹಾಕಿ ಒಗೆದರೆ ಇನ್ನೂ ಬೇಗ ಹಾಳಾಗುತ್ತದೆ. ಫ್ಲೋರಿನ್ ಕೂಡಿದ ಹಳೆಯ ಲೇಪಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕರಗಿಹೋಗದೆ ಉಳಿಯುವುದರಿಂದ ಅನೇಕ ತಯಾರಕರು ಅವನ್ನು ಬಿಟ್ಟಿದ್ದಾರೆ. ನಾವು ಅವಿಲ್ಲದ್ದನ್ನೇ ಕೇಳಿದೆವು. ಕಾವೇರಿಯ ದಡದಲ್ಲಿ ಬಟ್ಟೆ ಒಗೆಯುವವರು ಇದನ್ನು ಕೇಳಲೇಬೇಕು.

ಹಣ ಕೊಡುವುದಕ್ಕೆ ಮುಂಚೆ ಇನ್ನೊಂದು ಕೆಲಸವಿದ್ದಿತು. ಇಂಥದೇ ಪೊರೆಯಿಲ್ಲದ ಜಾಕೆಟ್ಟನ್ನು ಗೆಳೆಯನೊಬ್ಬನಿಂದ ಎರವಾಗಿ ತಂದು, ಒಂದು ದಿನ ಹಳೆಯ ಪ್ಲಾಸ್ಟಿಕ್ಕಿನ ಗಾಳಿಯಂಗಿಯಲ್ಲಿಯೂ ಮರುದಿನ ಇದರಲ್ಲಿಯೂ ಹುಡುಗನು ಚಾಮುಂಡಿ ಬೆಟ್ಟವನ್ನು ಹತ್ತಿ ಇಳಿದನು. ಸುಮಾರು 1,060 ಮೀಟರಿನ ಆ ಬೆಟ್ಟ ಮುಳ್ಳಯ್ಯನಗಿರಿಗೆ ಸಾಟಿಯಲ್ಲ, ಬೆವರಿಗೆ ಸಾಕು. ಎರಡು ದಿನವೂ ಅವನ ತಾಯಿಯೇ ಮನೆಯ ಬಾಗಿಲಲ್ಲಿ ನಿಂತು ಬನಿಯನ್ನನ್ನು ಇಸಿದುಕೊಂಡು ಹಿಂಡಿದಳು. ಮೊದಲ ದಿನ ನೀರು ತೊಟ್ಟಿಕ್ಕಿತು. ಎರಡನೆಯ ದಿನ ಕೈಗೆ ತೇವ ಹತ್ತಿತೇ ಹೊರತು ಹನಿ ಬೀಳಲಿಲ್ಲ. ಅವಳು ಏನನ್ನೂ ಹೇಳದೆ ಬನಿಯನ್ನನ್ನು ಹಗ್ಗದ ಮೇಲೆ ಹಾಕಿ ಒಳಕ್ಕೆ ಹೋದಳು. ನನ್ನ ಲೆಕ್ಕಕ್ಕಿಂತ ಅವಳ ಕೈಯ ಸಾಕ್ಷ್ಯ ಬಲವಾದುದೆಂದು ನನಗೆ ಆಗ ತಿಳಿಯಿತು.

ನಾನು ಹೇಳಿದ ತೀರ್ಪು ಇಷ್ಟು: ಮೊದಲು ಉಸಿರು, ಆಮೇಲೆ ಗಾಳಿ, ಕಟ್ಟಕಡೆಗೆ ಮಳೆ. ಒಂದೇ ಅಂಗಿಯಿಂದ ಮೂರನ್ನೂ ಕೇಳಬಾರದು. ಪೊರೆಯಿಲ್ಲದ ಸಾಫ್ಟ್‌ಶೆಲ್ಲನ್ನು ತೊಡುವುದು. ಮಳೆಗೆಂದು ಮುಷ್ಟಿಯಷ್ಟಾಗಿ ಮಡಿಸಬಹುದಾದ ತೆಳುವಾದ ಹೊದಿಕೆಯನ್ನು ಚೀಲದಲ್ಲಿಡುವುದು. ಒಳಗೆ ಹತ್ತಿಯ ಬದಲು ತೆಳು ಉಣ್ಣೆಯ ಬನಿಯನ್ನು, ಜೊತೆಗೆ ಒಣಗಿದುದು ಇನ್ನೊಂದು. ಏರಿನಲ್ಲಿ ಬೆವರು ಮೂಡುವುದಕ್ಕೆ ಮುಂಚೆಯೇ ಜಿಪ್ಪನ್ನು ತೆರೆಯುವುದು. ನೆತ್ತಿಯಲ್ಲಿ ನಿಂತ ಕೂಡಲೆ, ಚಳಿಯೆನ್ನಿಸುವುದಕ್ಕೆ ಕಾಯದೆ, ಒಳಂಗಿಯನ್ನು ಬದಲಾಯಿಸಿ ಜಿಪ್ಪನ್ನು ಮುಚ್ಚುವುದು. ಮಾತು ತೊದಲಿದವನನ್ನು ತಡಮಾಡದೆ ಗಾಳಿಯ ಮರೆಗೆ ಕರೆದೊಯ್ಯುವುದು. ಈ ಕಟ್ಟಳೆಗಳನ್ನು ಹುಡುಗನು ಒಂದು ಕಾಗದದಲ್ಲಿ ಬರೆದು ತಾಯಿಯ ಕೈಗೆ ಕೊಟ್ಟನು. “ಆಗಲಿ, ಹೋಗಿ ಬಾ” ಎಂದು ಅವಳು ಅಂದುದು ಮಾರನೆಯ ದಿನ; ಅಂದ ಮೇಲೆ, ಚಿಕ್ಕಮಗಳೂರಿನ ಬಿಡಾರದಲ್ಲಿ ರಾತ್ರಿ ಹೊದೆಯಲೆಂದು ಮನೆಯ ಹಳೆಯ ಕಂಬಳಿಯೊಂದನ್ನು ಚೀಲಕ್ಕೆ ತುರುಕಿದಳು. ಅವನು ಬೇಡವೆನ್ನಲಿಲ್ಲ.

ಪುಷ್ಯದಲ್ಲಿ ಅವರು ಹೋಗಿ ಬಂದರು. ಗಾಳಿ ವಿಪರೀತವಾಗಿತ್ತಂತೆ, ನೆತ್ತಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲವಂತೆ. ನಡುಗಿದವರು ಯಾರೂ ಇಲ್ಲ. ಹಿಂದಿನ ವರ್ಷದ ಆ ಹುಡುಗನೂ ಜೊತೆಯಲ್ಲಿದ್ದನು. ಬದಲಿ ಬನಿಯನ್ನನ್ನು ಎಲ್ಲರಿಗಿಂತ ಮುಂಚೆ ತೊಟ್ಟವನು ಅವನೇ.

ಚರಕಾಚಾರ್ಯನು ತಡೆಯಬಾರದ ವೇಗಗಳು ಹದಿಮೂರೆಂದು ಎಣಿಸಿರುವನು. ಹಸಿವು, ಬಾಯಾರಿಕೆ, ಸೀನು, ಕಣ್ಣೀರು ಮೊದಲಾದುವು ಅದರಲ್ಲಿವೆ. ಬೆವರು ಆ ಪಟ್ಟಿಯಲ್ಲಿಲ್ಲ. ಆದರೆ ದಣಿದವನ ಉಸಿರು ಇದೆ. ಬೆವರನ್ನು ಮೈಯ ಉಸಿರೆಂದು ಕರೆದರೆ ಆಚಾರ್ಯನು ಆಕ್ಷೇಪಿಸಲಾರನೆಂದು ನನ್ನ ಭಾವನೆ. ಮಕ್ಕಳನ್ನು ಕಾಪಾಡಬೇಕೆಂದು ನಾವು ಬಿಗಿಯುವ ಹೊದಿಕೆಗಳಲ್ಲಿ ಎಷ್ಟೋ, ಹೊರಗಿನದನ್ನು ತಡೆಯುವ ಭರದಲ್ಲಿ ಒಳಗಿನದಕ್ಕೆ ದಾರಿಯನ್ನು ಮರೆತಿರುತ್ತವೆ. ನನ್ನ ಮಗಳು ಇದನ್ನು ನನ್ನಿಂದ ಕೇಳಿ ತಿಳಿಯಬೇಕಾಗಿರಲಿಲ್ಲ. ಜಾಕೆಟ್ಟಿನ ನೆಪದಲ್ಲಿ ತಾನೇ ಕಂಡುಕೊಂಡಳು. ಬರುವ ಬೇಸಗೆಗೆ ಹುಡುಗನು ಹಿಮಾಲಯದ ಮಾತನ್ನು ಎತ್ತಿರುವನು. ಅಂಗಿಯನ್ನು ನೋಡಲು ಈ ಸಲ ತಾನೇ ಬರುವೆನೆಂದು ಅವಳು ಹೇಳಿರುವಳು. ಊದಿ ನೋಡುವ ಕೆಲಸ ಮಾತ್ರ ನನ್ನದಂತೆ.